ಕನ್ನಡಿಯಲ್ಲಿ ಬಿದ್ದ ಅವ್ವ

ಆಗ ನಮ್ಮೂರಿಗೆ ಬೇಸಿಗೆ ಮೊದಲು ಮೂಗಿಗೆ ಬರುತ್ತಿತ್ತು, ಆಮೇಲೆ ಮೈಗೆ. ಹಡಗಲಿಯಿಂದ ಬಸ್ಸಿನಲ್ಲಿ ಹತ್ತು ನಿಮಿಷದ ದಾರಿ ನಮ್ಮೂರು. ಸುತ್ತ ಎಲ್ಲಿ ನೋಡಿದರೂ ಮಲ್ಲಿಗೆ ತೋಟ. ಪರೀಕ್ಷೆ ಮುಗಿಯುವ ಹೊತ್ತಿಗೆ ಬೀದಿ, ಬಸ್ಸು, ಅವ್ವನ ಸೆರಗು, ಕೊನೆಗೆ ರೊಟ್ಟಿ ಬುಟ್ಟಿಗೂ ಅದೇ ವಾಸನೆ ಹತ್ತಿರುತ್ತಿತ್ತು. ಅವ್ವ ನಸುಕಿನಲ್ಲೇ ಎದ್ದು ಬೇರೆಯವರ ತೋಟಕ್ಕೆ ಮೊಗ್ಗು ಬಿಡಿಸಲು ಹೋಗುತ್ತಿದ್ದಳು. ಬಿಸಿಲೇರಿದರೆ ಮೊಗ್ಗು ಬಿರಿಯುತ್ತದೆ, ಬಿರಿದದ್ದನ್ನು ಯಾರೂ ಕೇಳುವುದಿಲ್ಲ. ಎಂಟು ಗಂಟೆಗೆ ಮನೆಗೆ ಬರುವಾಗ ಅವಳ ಉಗುರಿನ ಸಂದಿಯಲ್ಲಿ ಹಸಿರು ಕಟ್ಟಿರುತ್ತಿತ್ತು. ನಾನು ಆ ಕೈಯನ್ನು ಮೂಗಿಗೆ ಹಿಡಿದುಕೊಂಡೇ ಹಾಸಿಗೆ ಬಿಟ್ಟೇಳುತ್ತಿದ್ದೆ. ನಿಮ್ಮಲ್ಲೂ ಎಷ್ಟೋ ಜನಕ್ಕೆ ಇಂಥದ್ದೊಂದು ಕೈ, ಅದಕ್ಕೊಂದು ವಾಸನೆ ನೆನಪಿದ್ದೇ ಇರುತ್ತದೆ.

ನಾನು ಐದನೇ ಕ್ಲಾಸು ಮುಗಿಸಿದ ಬೇಸಿಗೆ ಅದು. ಹಗರಿಬೊಮ್ಮನಹಳ್ಳಿಯ ಕಚೇರಿಯೊಂದರಲ್ಲಿ ಅಟೆಂಡರ್ ಆಗಿದ್ದ ಅಪ್ಪ ಆ ವರ್ಷ ಮನೆಯ ಮಾಳಿಗೆ ಮೇಲೆ ಡಿಶ್ ಹಾಕಿಸಿದ. "ಹುಡುಗಿ ನಾಕು ವಿಷಯ ತಿಳ್ಕಳ್ಳಿ" ಎಂಬುದು ಅವನ ಆಸೆ. ಹುಡುಗಿ ಎರಡೇ ವಿಷಯ ತಿಳಿದುಕೊಂಡಳು. ಒಂದು, ತಾನು ಕಪ್ಪಗಿದ್ದೇನೆ. ಇನ್ನೊಂದು, ತಾನು ದಪ್ಪಗಿದ್ದೇನೆ. ಅಲ್ಲಿಯವರೆಗೆ ಗೊತ್ತಿರಲಿಲ್ಲವೇ ಎಂದರೆ, ಗೊತ್ತಿತ್ತು. ಆದರೆ ಅದು ನಮ್ಮ ಮನೆಯ ಬಾಗಿಲು ಹಸಿರು, ಎದುರು ಮನೆಯ ನಾಯಿ ಕುಂಟು ಎಂಬಂಥ ಸುದ್ದಿಯಾಗಿತ್ತು. ಅದರಿಂದ ಯಾರಿಗೂ ಏನೂ ಆಗಬೇಕಾಗಿರಲಿಲ್ಲ.

ಭಾನುವಾರ ಸಂಜೆ ಹುಡುಗಿಯರದೊಂದು ಸ್ಪರ್ಧೆ ಬರುತ್ತಿತ್ತು. ಕುಣಿಯಬೇಕು, ನಡೆಯಬೇಕು, ಮಾತಾಡಬೇಕು. ಎಲ್ಲರೂ ನನ್ನ ವಾರಿಗೆಯವರೇ, ಆದರೆ ಸೊಂಟ ಮಾತ್ರ ನನ್ನ ತೋಳಿನಷ್ಟು. ಗೆದ್ದ ಹುಡುಗಿಯ ತಾಯಿಯನ್ನು ವೇದಿಕೆಗೆ ಕರೆದು, ಕಾರ್ಯಕ್ರಮ ನಡೆಸುವವನು ಪ್ರತಿ ವಾರ ತಪ್ಪದೆ ಒಂದೇ ಮಾತು ಕೇಳುತ್ತಿದ್ದ: "ಇವರು ನಿಮ್ಮ ಅಮ್ಮನಾ? ನಾನು ಅಕ್ಕ ಅಂದ್ಕೊಂಡೆ!" ಜನ ಚಪ್ಪಾಳೆ ಹೊಡೆಯುತ್ತಿದ್ದರು. ನಡುನಡುವೆ ಮುಖಕ್ಕೆ ಹಚ್ಚುವ ಕ್ರೀಮಿನ ಜಾಹೀರಾತು. ಅದರಲ್ಲಿ ಕಪ್ಪಗಿದ್ದ ಹುಡುಗಿ ಮೊದಲು ತಲೆ ತಗ್ಗಿಸಿ ಮೂಲೆಯಲ್ಲಿ ಕೂತಿರುತ್ತಿದ್ದಳು, ಬೆಳ್ಳಗಾದ ಮೇಲೆ ಎದ್ದು ನಿಂತು ನಗುತ್ತಿದ್ದಳು. ನನಗೆ ತಲೆ ತಗ್ಗಿಸಿ ಕೂರುವ ಭಾಗ ಮಾತ್ರ ಬಲು ಬೇಗ ಬಂತು.

ಅದೇ ವಾರ ಕಾನಹೊಸಹಳ್ಳಿಯಿಂದ ರೂಪಾ ರಜೆಗೆ ಬಂದಳು. ಅಪ್ಪನ ತಂಗಿಯ ಮಗಳು, ನನಗಿಂತ ಒಂದು ವರ್ಷ ದೊಡ್ಡವಳು. ಹೈವೇ ಮೇಲಿನ ಊರವಳಾದ್ದರಿಂದ ಎಲ್ಲದರಲ್ಲೂ ನಮಗಿಂತ ಒಂದು ಕೈ ಮುಂದೆ. ಬೆಳ್ಳಗೆ, ತೆಳ್ಳಗೆ ಇದ್ದಳು. ಅವಳ ಬ್ಯಾಗಿನಲ್ಲಿ ಆ ಜಾಹೀರಾತಿನ ಟ್ಯೂಬೇ ಇತ್ತು. ಹಿತ್ತಲಲ್ಲಿ ನನ್ನನ್ನು ಕೂರಿಸಿಕೊಂಡು ತಾನೇ ಹಚ್ಚಿದಳು.

"ಸುಮ್ಕ ಕುಂದ್ರು. ಉಜ್ಜಬಾರ್ದು, ತಟ್ಟಬೇಕು."

"ಎಷ್ಟು ದಿನಕ್ಕ ಬೆಳ್ಳಗ ಆಕೀನಿ?"

ರೂಪಾ ನನ್ನ ಗದ್ದ ಹಿಡಿದು ಅತ್ತಿತ್ತ ತಿರುಗಿಸಿ ನೋಡಿದಳು. "ನಿನಗ ಎರಡು ಟ್ಯೂಬ್ ಬೇಕಾಕ್ಕಾವು ನೋಡು."

ಅವಳಲ್ಲಿ ಕೆಟ್ಟ ಮನಸ್ಸೇನೂ ಇರಲಿಲ್ಲ. ದರ್ಜಿ ಅಳತೆ ನೋಡಿ ಬಟ್ಟೆ ಎಷ್ಟು ಬೇಕೆಂದು ಹೇಳುವ ಹಾಗೆ ಹೇಳಿದ್ದಳು.

ನಮ್ಮ ಆಟವೂ ಬದಲಾಯಿತು. ಬೀದಿಯಲ್ಲಿ ಬರೆದಿದ್ದ ಕುಂಟಾಬಿಲ್ಲೆಯ ಮನೆಗಳು ಧೂಳು ಮುಚ್ಚಿ ಅಳಿಸಿಹೋದವು. ಚರಂಡಿಯ ಮೇಲೆ ಹಾಸಿದ ಚಪ್ಪಡಿಗಳೇ ನಮಗೆ ವೇದಿಕೆ. ಸೊಂಟದ ಮೇಲೆ ಕೈಯಿಟ್ಟು ನಡೆಯಬೇಕು, ಕೊನೆಯ ಚಪ್ಪಡಿಯ ಮೇಲೆ ನಿಂತು ತಿರುಗಬೇಕು, ನಗಬೇಕು. ನಾನು ನಡೆದರೆ ಮೂರನೇ ಚಪ್ಪಡಿ ದಡಕ್ಕೆಂದು ಅಲುಗುತ್ತಿತ್ತು. ಅದು ಸಡಿಲವೇ ಇತ್ತು, ಯಾರು ಕಾಲಿಟ್ಟರೂ ಅಲುಗುತ್ತಿತ್ತು. ಆದರೆ ನನಗೆ ಕೇಳಿಸುತ್ತಿದ್ದುದು ನನ್ನ ಸದ್ದು ಮಾತ್ರ.

ಊರಿನ ಶೇಂಗಾ ವ್ಯಾಪಾರಿಯ ಗೋದಾಮಿನಲ್ಲಿ ಚೀಲ ತೂಗುವ ಕಾಟಾ ಇತ್ತು. ಒಂದು ಮಧ್ಯಾಹ್ನ ನಾವಿಬ್ಬರೂ ಹೋಗಿ ಅದನ್ನು ಹತ್ತಿದೆವು. ಹಮಾಲಿ ಬಸಣ್ಣ ಮೊದಲು ರೂಪಾಳನ್ನು ತೂಗಿ, "ಗಾಳಿಗೆ ಹಾರಿ ಹೋದಿ ಹುಷಾರವ್ವ" ಎಂದ. ನಾನು ಹತ್ತಿದಾಗ ಕಾಟಾ ನೋಡಿ ಅವನ ಮುಖ ಅರಳಿತು. "ಭೇಷ್! ಒಂದು ಚೀಲ ಶೇಂಗಾಕ್ಕ ಎರಡು ಬೊಗಸಿ ಕಮ್ಮಿ ಅದಿ. ಮನ್ಯಾಗ ಚಲೋ ಉಣ್ಣಾಕ ಹಾಕ್ತಾರ." ಅವನ ಪಾಲಿಗೆ ಅದು ದೊಡ್ಡ ಹೊಗಳಿಕೆ. ಒಂದು ವರ್ಷ ಮುಂಚೆಯಾಗಿದ್ದರೆ ನನಗೂ ಹಾಗೇ ಕೇಳಿಸುತ್ತಿತ್ತು.

ಅಂದಿನಿಂದ ನನ್ನ ತಟ್ಟೆಯ ರೊಟ್ಟಿಯನ್ನು ನಾನೇ ಕದಿಯತೊಡಗಿದೆ. ಲಂಗದ ಮಡಿಲಿಗೆ ಸರಿಸಿ, ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ ಎಮ್ಮೆಗೆ ಹಾಕುತ್ತಿದ್ದೆ. ಪುಂಡಿಪಲ್ಯ, ಶೇಂಗಾ ಚಟ್ನಿ ಸವರಿದ ಬಿಸಿ ರೊಟ್ಟಿ. ಎಮ್ಮೆಯ ಪುಣ್ಯ. ನನಗೋ ಹಸಿವಿನಲ್ಲಿ ಒಂದು ಕಡೆ ಕೂರಲಾಗುತ್ತಿರಲಿಲ್ಲ. ಕನ್ನಡಿಯ ಮುಂದೆ ಹೋಗುವುದು, ಅಲ್ಲಿಂದ ಟಿವಿಯ ಮುಂದೆ, ಅಲ್ಲಿಂದ ಹಿತ್ತಲಿಗೆ, ಮತ್ತೆ ಕನ್ನಡಿಗೆ. ನಿದ್ದೆಯಲ್ಲೂ ಹೊಟ್ಟೆ ಒಳಕ್ಕೆ ಎಳೆದುಕೊಂಡೇ ಮಲಗಲು ನೋಡುತ್ತಿದ್ದೆ.

"ಕಾಲಿಗೆ ಚಕ್ರ ಕಟ್ಟಿಗೊಂಡಿಯೇನಲೇ ಕೊಟ್ರಿ? ಒಂದ್ಕಡೆ ಕುಂದ್ರು," ಎನ್ನುತ್ತಿದ್ದಳು ಅವ್ವ. ನನ್ನ ಪೂರ್ತಿ ಹೆಸರು ಕೊಟ್ರಮ್ಮ. ಇನ್ನೊಮ್ಮೆ ಅವಳೇ ಬೆರಗಾಗಿ ಕೇಳಿದಳು, "ಈ ಎಮ್ಮಿ ಯಾಕ ನಿನ್ನ ಕಂಡ್ರ ಹಂಗ ಹಗ್ಗ ಜಗ್ಗತೈತಿ?"

ಆ ಸ್ಪರ್ಧೆಯ ಕೊನೆಯಲ್ಲಿ ಪರದೆಯ ಕೆಳಗೆ ಒಂದು ಸಾಲು ಓಡುತ್ತಿತ್ತು. ಹನ್ನೆರಡು ವರ್ಷದೊಳಗಿನ ಹುಡುಗಿಯರು ಫೋಟೋ ಕಳಿಸಬಹುದಂತೆ, ಆರಿಸಿದವರನ್ನು ಕರೆಸುತ್ತಾರಂತೆ. ರೂಪಾ ವಿಳಾಸ ಬರೆದುಕೊಂಡಳು. ನಾನು ಯಾರಿಗೂ ಕಾಣದಂತೆ ನನ್ನ ನೋಟ್‌ಬುಕ್ಕಿನ ಹಿಂದೆ ಬರೆದುಕೊಂಡೆ. ನನ್ನ ಒಂದು ಫೋಟೋ ಅಲ್ಲಿಗೆ ಹೋಗಿ, ಯಾರಾದರೂ ಅದನ್ನು ನೋಡಿ "ಆಗಲಿ" ಎಂದುಬಿಟ್ಟರೆ ನನ್ನ ಮೇಲಿನ ಈ ತಪ್ಪು ಮಾಫ್ ಆಗುತ್ತದೆ ಎಂದು ನಾನು ಖಂಡಿತವಾಗಿ ನಂಬಿದ್ದೆ. ಏನು ತಪ್ಪು ಎಂದು ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಅವ್ವನಿಗೆ ಇದ್ಯಾವುದೂ ಗೊತ್ತಿಲ್ಲ. ಆದರೆ ಫೋಟೋದ ಆಸೆ ಅವಳಿಗೂ ಇತ್ತು, ಬೇರೆಯೇ ಕಾರಣಕ್ಕೆ. ಹೆಣ್ಣುಮಗುವಿಗೆ ಒಮ್ಮೆಯಾದರೂ ಮೊಗ್ಗಿನ ಜಡೆ ಹಾಕಿ ಸ್ಟುಡಿಯೋದಲ್ಲಿ ಫೋಟೋ ತೆಗೆಸುವುದು ನಮ್ಮ ಕಡೆ ರೂಢಿ. ಹುಡುಗಿ ದೊಡ್ಡ ಕನ್ನಡಿಗೆ ಬೆನ್ನು ಮಾಡಿ ನಿಲ್ಲಬೇಕು. ಎದುರಿಗೆ ಮುಖ, ಹಿಂದಿನ ಕನ್ನಡಿಯಲ್ಲಿ ಜಡೆ, ಎರಡೂ ಒಂದೇ ಫೋಟೋದಲ್ಲಿ. ಅವ್ವನಿಗೆ ಸಣ್ಣವಳಿದ್ದಾಗ ಅಂಥ ಜಡೆ ಹಾಕಿದವರಿಲ್ಲ. ಹತ್ತು ವರ್ಷದವಳಿದ್ದಾಗಿನಿಂದ ಅವಳು ಬಿಡಿಸಿದ ಮೊಗ್ಗೆಲ್ಲ ಯಾರದೋ ತಲೆಗೆ ಹೋಗಿತ್ತು. "ನನ್ನ ಮಗಳ ಜಡೀಗೆ ನಾನs ಬಿಡಿಸಿ, ನಾನs ಹೊಲೀತೀನಿ" ಎಂದು ವರ್ಷದ ಹಿಂದೆಯೇ ಹೇಳಿಟ್ಟಿದ್ದಳು.

ಫೋಟೋ ತೆಗೆಸುವ ದಿನ ತೋಟದಿಂದ ಒಂದೇ ಅಳತೆಯ ಮೊಗ್ಗು ಆರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಳು. ಬಾಳೆಪಟ್ಟೆಯನ್ನು ಜಡೆಯುದ್ದಕ್ಕೆ ಕತ್ತರಿಸಿ, ಸೂಜಿ ದಾರದಿಂದ ಸಾಲುಸಾಲಾಗಿ ಮೊಗ್ಗು ಹೊಲಿದಳು. ನಡುನಡುವೆ ಕನಕಾಂಬರ. ಬೆಳಗಿನಿಂದ ಮಧ್ಯಾಹ್ನದವರೆಗೆ ಬೆನ್ನು ನೆಟ್ಟಗೆ ಮಾಡಲಿಲ್ಲ, ಊಟವನ್ನೂ ಮಾಡಲಿಲ್ಲ. ಅದನ್ನು ನನ್ನ ತಲೆಗೆ ಬಿಗಿದಾಗ ಬೆನ್ನಿಗೆಲ್ಲ ತಣ್ಣಗಾಯಿತು. ಅವ್ವ ಹಿಂದೆ ಸರಿದು ನಿಂತು ನೋಡಿ, ಎರಡೂ ಕೈಯಿಂದ ನೆಟಿಗೆ ಮುರಿದು ದೃಷ್ಟಿ ತೆಗೆದಳು.

ನಾನು ಹೇಳಿದೆ, "ಅವ್ವಾ, ನೀ ಬರಬ್ಯಾಡ. ರೂಪಾ ಬರ್ತಾಳಲ್ಲ."

"ದಾರ್ಯಾಗ ಜಡಿ ಸಡ್ಲಾದ್ರ ರೂಪಾ ಕಟ್ಟತಾಳೇನು? ನಡಿ ನಡಿ, ಮೊಗ್ಗು ಬಿರದ್ರ ಕೆಟ್ಟತು."

ಸೀರೆ ಬದಲಿಸಲೂ ಅವಳಿಗೆ ಹೊತ್ತಿರಲಿಲ್ಲ. ತೋಟಕ್ಕೆ ಹೋದ ಸೀರೆಯಲ್ಲೇ, ಕೆದರಿದ ತಲೆಯಲ್ಲೇ ಹಡಗಲಿಯ ಬಸ್ಸು ಹತ್ತಿದಳು. ನಾನು ಅವಳಿಂದ ಎರಡು ಸೀಟು ಮುಂದೆ ರೂಪಾಳ ಜೊತೆ ಕೂತೆ.

ಸ್ಟುಡಿಯೋದಲ್ಲಿ ದೀಪಗಳ ಶೆಕೆ. ಫೋಟೋದವರು ನನ್ನನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಜಡೆಯ ಕುಚ್ಚು ಸರಿಮಾಡಿ, ಕ್ಯಾಮೆರಾದ ಹಿಂದೆ ಹೋದರು. ಅವ್ವ ಅವರ ಪಕ್ಕದಲ್ಲೇ ನಿಂತು "ಗದ್ದ ಮ್ಯಾಲೆತ್ತು, ಭುಜ ಇಳಿಬಿಡು" ಎನ್ನುತ್ತಿದ್ದವಳು ಇದ್ದಕ್ಕಿದ್ದಂತೆ ನನ್ನ ಹಿಂದಕ್ಕೆ ಬಗ್ಗಿ ನೋಡಿದಳು. ನನ್ನ ಹಿಂದಿನ ಕನ್ನಡಿಯಲ್ಲಿ ಅವಳಿಗೆ ಅವಳೇ ಕಂಡಿದ್ದಳು.

"ಅಯ್ಯ, ನಾನೂ ಬೀಳ್ತೀನೇನ್ರಿ ಫೋಟೋದಾಗ? ಸರೀಲೇನು?"

"ಇರ್ರಿ ಅಮ್ಮಾರ. ಮಗಳ ಜಡಿ ಬಾಜೂಕ ತಾಯಿ, ಚೆಂದ ಐತಿ."

ಅವ್ವ ನಕ್ಕಳು. ಕೂದಲನ್ನು ಕಿವಿಯ ಹಿಂದೆ ಸರಿಸಿಕೊಂಡು, ಸೆರಗು ಎಳೆದುಕೊಂಡು ನೆಟ್ಟಗೆ ನಿಂತಳು. ಅವಳು ಹಾಗೆ ಸಣ್ಣ ಹುಡುಗಿಯಂತೆ ಕಂಡಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಆಗಲೂ ನೋಡಿಯೂ ನೋಡಲಿಲ್ಲ. ನನ್ನ ಗಮನವೆಲ್ಲ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಳ್ಳುವುದರಲ್ಲಿತ್ತು.

ಎರಡು ದಿನ ಬಿಟ್ಟು ನಾನೂ ರೂಪಾಳೂ ಇಬ್ಬರೇ ಫೋಟೋ ತಿದ್ದಿಸಲು ಸ್ಟುಡಿಯೋಗೆ ಹೋದೆವು. ಅಂದು ಕಂಪ್ಯೂಟರ್ ಮುಂದೆ ಕೂತಿದ್ದವರು ಫೋಟೋದವರ ಹೆಂಡತಿ. ಅವರು ಅವ್ವನನ್ನು ನೋಡಿದವರಲ್ಲ. ನನ್ನ ಫೋಟೋ ತೆರೆದು ಕೇಳಿದರು, "ಎಷ್ಟು ಬೆಳ್ಳಗ ಮಾಡ್ಲಿ?"

"ಟಿವಿಯಾಗ ಬರ್ತಾರಲ್ರಿ, ಅಷ್ಟು."

ಅವರು ಮೌಸ್ ಆಡಿಸಿದ ಹಾಗೆ ನನ್ನ ಹಣೆ, ಕೆನ್ನೆ, ಕುತ್ತಿಗೆ ಬೆಳ್ಳಗಾದವು. ನಾನು ಹೇಳದಿದ್ದರೂ ಸೊಂಟವನ್ನು ಎರಡೂ ಕಡೆಯಿಂದ ಒತ್ತಿದರು. ಒಂದು ವಾರ ಉಪವಾಸವಿದ್ದರೂ ಆಗದ್ದು ಒಂದು ಗಳಿಗೆಯಲ್ಲಿ ಆಗುತ್ತಿತ್ತು. ಅಷ್ಟರಲ್ಲಿ ಅವರು ಫೋಟೋ ದೊಡ್ಡದು ಮಾಡಿದರು. ಕನ್ನಡಿಯೊಳಗೆ, ಜಡೆಯ ಪಕ್ಕದಲ್ಲಿ ಅವ್ವ. ಮಾಸಿದ ಸೀರೆ, ಬಿಸಿಲಿಗೆ ಸುಟ್ಟ ಮುಖ, ಹಲ್ಲು ಕಾಣುವ ನಗು. ಬೆಳ್ಳಗಾದ ನನ್ನ ಪಕ್ಕದಲ್ಲಿ ಅವಳು ಇನ್ನೂ ಕಪ್ಪಗೆ ಕಾಣುತ್ತಿದ್ದಳು. ನನ್ನ ತಲೆಯಲ್ಲಿ ಆ ಕಾರ್ಯಕ್ರಮದವನು ಮೈಕು ಹಿಡಿದು ನಿಂತಿದ್ದ. ಈ ಫೋಟೋ ನೋಡಿದರೆ ಅವನೇನು ಕೇಳಿಯಾನು?

"ಕನ್ನಡ್ಯಾಗ ಯಾರೋ ಬಿದ್ದಾರ. ನಿಮ್ಮ ಅವ್ವರೇನು?"

"ಅಲ್ರಿ," ಎಂದೆ. "ಹೂ ಕಟ್ಟಾಕ ಬಂದಿದ್ರು."

"ತೆಗೀಲೇನು ಹಂಗಾರ?"

"ತೆಗೀರಿ."

ರೂಪಾ ನನ್ನ ಮುಖ ನೋಡಿದಳು. ಆಮೇಲೆ ತನ್ನ ಚಪ್ಪಲಿ ನೋಡುತ್ತ ನಿಂತಳು. ಆ ಹೆಂಗಸು ಕನ್ನಡಿಯ ಖಾಲಿ ಜಾಗದ ಬಣ್ಣವನ್ನು ತಂದು ತಂದು ಅವ್ವನ ಮೇಲೆ ಬಳಿದರು. ಮೊದಲು ಸೀರೆ ಹೋಯಿತು, ಆಮೇಲೆ ಕೈ, ಕೊನೆಗೆ ನಗು. ಬಹಳ ಹೊತ್ತೇನೂ ಹಿಡಿಯಲಿಲ್ಲ.

ಫೋಟೋ ತರಲು ಅವ್ವ ತಾನೇ ಬರುತ್ತೇನೆಂದಳು. ಈ ಸಲ ತಲೆ ಬಾಚಿ, ಇದ್ದುದರಲ್ಲಿ ಹೊಸ ಸೀರೆ ಉಟ್ಟಿದ್ದಳು. ಕೌಂಟರಿನಲ್ಲಿ ಅದೇ ಹೆಂಗಸು. ಕಟ್ಟು ಹಾಕಿದ ದೊಡ್ಡ ಫೋಟೋವನ್ನು ಅವ್ವ ಎರಡು ಕೈಯಲ್ಲಿ ತೆಗೆದುಕೊಂಡಳು. ಅವಳ ಕಣ್ಣು ನನ್ನ ಮುಖ ದಾಟಿ ನೇರ ಕನ್ನಡಿಗೆ ಹೋದದ್ದನ್ನು ನಾನು ಕಂಡೆ. ಅಲ್ಲಿ ಜಡೆ ಇತ್ತು, ಪಕ್ಕದಲ್ಲಿ ಒಂದಿಷ್ಟು ಮಬ್ಬು ಇತ್ತು.

"ಇಲ್ಲಿ ನಾನೂ ಬಿದ್ದಿದ್ನೆಲ್ರಿ?"

ಆ ಹೆಂಗಸು ಅವ್ವನನ್ನು ನೋಡಿದರು, ನನ್ನನ್ನು ನೋಡಿದರು. "ಅಯ್ಯ, ನಿಮ್ಮ ಹುಡುಗಿ ಹೂ ಕಟ್ಟಾಕ ಬಂದೋರು ಅಂದ್ಲಲ್ರಿ. ಅದಕ್ಕ ತೆಗದೆ."

ಗೋಡೆಗೆ ಬೆನ್ನು ಒತ್ತಿ ನಿಂತೆ. ಅವ್ವ ಫೋಟೋದ ಗಾಜಿನ ಮೇಲೆ ಇಲ್ಲದ ಧೂಳನ್ನು ಸೆರಗಿನಿಂದ ಒರೆಸಿದಳು.

"ಹೌದ್ರಿ," ಎಂದಳು. "ಹೂ ಕಟ್ಟಿದಾಕಿ ನಾನs. ಅಕಿ ಖರೇನ ಹೇಳ್ಯಾಳ. ಭಾಳ ಚೆಂದ ಬಂದೈತಿ."

ಅಲ್ಲಿಂದ ಬಸ್ ಸ್ಟ್ಯಾಂಡಿಗೆ ನಡೆಯುವಾಗ ನಾನು ಅವಳಿಗಿಂತ ಒಂದು ಹೆಜ್ಜೆ ಹಿಂದಿದ್ದೆ. ಬೆನ್ನಿಗೆ ಏಟು ಬೀಳಲಿ ಎಂದು ಕಾಯುತ್ತಿದ್ದೆ. ಬೀಳಲಿಲ್ಲ. ಅವ್ವ ಅಂಗಡಿಯಲ್ಲಿ ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ ಕಟ್ಟಿಸಿ ನನ್ನ ಕೈಗಿಟ್ಟಳು. "ತಿನ್ನು. ಮುಖ ನೋಡು, ಹೆಂಗ ಸೊರಗೈತಿ." ಹತ್ತು ದಿನದ ಹಸಿವಿತ್ತು, ಎಣ್ಣೆಯ ಘಮ ಮೂಗಿಗೆ ಬಡಿಯುತ್ತಿತ್ತು, ಒಂದು ತುತ್ತೂ ಇಳಿಯಲಿಲ್ಲ. ಬಸ್ಸಿನಲ್ಲಿ ಅವಳು ನನ್ನ ಪಕ್ಕ ಕೂರಲಿಲ್ಲ. ಎರಡು ಸೀಟು ಹಿಂದೆ, ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಜಾಗ ಇರಲಿಲ್ಲವೇನೋ. ಇತ್ತು, ನನಗೆ ಚೆನ್ನಾಗಿ ನೆನಪಿದೆ.

ಮನೆಯಲ್ಲಿ ಫೋಟೋವನ್ನು ಬಾಗಿಲಿಗೆ ಎದುರಾಗಿ ತಾನೇ ಮೊಳೆ ಹೊಡೆದು ಹಾಕಿದಳು. ಬಂದವರೆಲ್ಲ "ಅಯ್ಯಯ್ಯ, ಇಕಿ ನಮ್ಮ ಕೊಟ್ರೀನs ಏನು!" ಎಂದು ಬಾಯಿಬಿಟ್ಟು ನೋಡಿದರು. ನಾನು ಬಯಸಿದ್ದು ಅದೇ ಮಾತು. ಸಣ್ಣ ಪ್ರತಿಯೊಂದನ್ನು ಟಿವಿಯವರ ವಿಳಾಸಕ್ಕೂ ಹಾಕಿದೆ, ಉತ್ತರ ಬರಲಿಲ್ಲ. ರಜೆ ಮುಗಿದು ರೂಪಾ ಊರಿಗೆ ಹೋದಳು, ಯಾರಿಗೂ ಬಾಯಿ ಬಿಡಲಿಲ್ಲ. ನಾನು ಮಾತ್ರ ಆ ಬೇಸಿಗೆಯಿಡೀ ಅವ್ವನ ಹಿಂದೆ ಮುಂದೆ ಸುಳಿದಾಡಿದೆ. ಬೈದಾಳು, ಅತ್ತಾಳು, ಅಪ್ಪನಿಗೆ ಹೇಳಿಯಾಳು. ಏನಾದರೊಂದು ಆದರೆ ಮುಗಿದುಹೋಗುತ್ತಿತ್ತು. ಅವಳು ಎಂದಿನಂತೆ ನಸುಕಿನಲ್ಲಿ ತೋಟಕ್ಕೆ ಹೋದಳು, ಎಂದಿನಂತೆ ಬಂದಳು. ಅವಳ ಕೈಯನ್ನು ಮೂಗಿಗೆ ಹಿಡಿಯಲು ನನಗೆ ಆಮೇಲೆ ಧೈರ್ಯವಾಗಲಿಲ್ಲ.

ಒಂದೇ ಒಂದು ಬದಲಾವಣೆ ಆಯಿತು. ಅದು ನನಗೆ ತಿಳಿಯಲು ವರ್ಷಗಳೇ ಬೇಕಾದವು. ಅಂದಿನಿಂದ ಎಲ್ಲಿ ಯಾರು ಕ್ಯಾಮೆರಾ ಎತ್ತಿದರೂ ಅವ್ವ ಪಕ್ಕಕ್ಕೆ ಸರಿಯುತ್ತಿದ್ದಳು. ತಂಬ್ರಹಳ್ಳಿಯ ಮಾವನ ಮದುವೆಯಲ್ಲಿ ಎಲ್ಲರ ಚಪ್ಪಲಿ ಕಾಯುತ್ತ ನಿಂತಳು. ನರ್ಸಿಂಗ್ ಕಾಲೇಜಿನಲ್ಲಿ ನಾವು ದೀಪ ಹಿಡಿದು ಪ್ರಮಾಣ ಮಾಡಿದ ದಿನ, ಗೆಳತಿಯರೆಲ್ಲ ತಾಯಂದಿರ ಹೆಗಲ ಮೇಲೆ ಕೈಹಾಕಿ ಫೋಟೋ ತೆಗೆಸಿಕೊಳ್ಳುತ್ತಿದ್ದರೆ ಅವ್ವ "ನೀವು ನಿಲ್ರಿ, ಬ್ಯಾಗ್ ನಾ ಹಿಡ್ಕೊಂತೀನಿ" ಎಂದು ಕಂಬದ ಹಿಂದೆ ಹೋದಳು. ಆಗ ಹೊಳೆಯಿತು. ಒಮ್ಮೆ ಬಾಯಿಬಿಟ್ಟೆ, "ಅವ್ವಾ, ಅವತ್ತು ಹಡಗಲಿ ಸ್ಟುಡಿಯೋದಾಗ ನಾನು..." ಅವಳು ರೊಟ್ಟಿ ಬಡಿಯುತ್ತಿದ್ದಳು. "ಯಾವ ಸ್ಟುಡಿಯೋ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹಿಟ್ಟು ತರಲು ಒಳಗೆ ಹೋದಳು.

ಈಗ ನಾನು ಹರಪನಹಳ್ಳಿಯಲ್ಲಿ ನರ್ಸ್. ಕಳೆದ ವಾರ ಚಿಗಟೇರಿ ಕಡೆಯ ಹದಿಮೂರರ ಹುಡುಗಿಯೊಬ್ಬಳನ್ನು ಕರೆತಂದಿದ್ದರು. ಫೋನಿನಲ್ಲಿ ಯಾರದೋ ಮಾತು ಕೇಳಿ ವಾರದಿಂದ ಬರೀ ನಿಂಬೆ ನೀರು ಕುಡಿದು ತಲೆಸುತ್ತಿ ಬಿದ್ದಿದ್ದಳು. ಡ್ರಿಪ್ ಏರಿಸಿ ಹತ್ತು ನಿಮಿಷವಾಗಿರಲಿಲ್ಲ, ಮಲಗಿದಲ್ಲಿಂದಲೇ ಫೋನೆತ್ತಿ ತನ್ನ ಮುಖ ಹಿಡಿದುಕೊಂಡಳು. ಎಡಪಕ್ಕದ ಸ್ಟೂಲಿನ ಮೇಲೆ ಅವಳ ಅವ್ವ ಕೂತಿದ್ದಳು. ಹುಡುಗಿ ಫೋನನ್ನು ಒಂದಿಷ್ಟು ಬಲಕ್ಕೆ ವಾಲಿಸಿದಳು. ಯಾಕೆ ವಾಲಿಸಿದಳೆಂದು ಆ ತಾಯಿಗೆ ಗೊತ್ತಾಗಲಿಲ್ಲ, ನನಗೆ ಗೊತ್ತಾಯಿತು. ಅವಳ ಕೈ ಹಿಡಿದು ಏನಾದರೂ ಹೇಳಬೇಕೆಂದುಕೊಂಡೆ. ಡ್ರಿಪ್ಪಿನ ಹನಿ ಸರಿಮಾಡಿ ಈಚೆ ಬಂದೆ.

ಡ್ಯೂಟಿ ಮುಗಿದದ್ದೇ ಮನೆಗೆ ವಿಡಿಯೋ ಕಾಲ್ ಮಾಡಿದೆ. ನನ್ನ ಫೋನಿನಲ್ಲಿ ಸಾವಿರಾರು ಫೋಟೋಗಳಿವೆ, ಅವ್ವನ ಮುಖವಿರುವುದು ಒಂದೂ ಇಲ್ಲ. ಅವಳ ಕೂದಲು ಎಷ್ಟು ನೆರೆಯಿತು, ಯಾವ ಹಲ್ಲು ಬಿತ್ತು ಎಂಬುದೆಲ್ಲ ಊರಿಗೆ ಹೋದಾಗಲೇ ಗೊತ್ತಾಗಬೇಕು. ಮೈತುಂಬ ನಾಚಿಕೆಯೂ ಸಿಟ್ಟೂ ಒಟ್ಟಿಗೇ ತುಂಬಿಕೊಂಡಿದ್ದವು. ಅವ್ವ ಕಾಲ್ ಎತ್ತಿದಳು. ಯಾವತ್ತಿನಂತೆ ನನಗೆ ಕಂಡದ್ದು ಮಾಳಿಗೆಯ ತೊಲೆ, ಅದರ ಪಕ್ಕದ ಫ್ಯಾನು. ಫೋನನ್ನು ಅಂಗಾತ ಇಟ್ಟು ಪಕ್ಕದಲ್ಲಿ ಕೂತು ಮಾತಾಡುವುದು ಅವಳ ರೀತಿ.

"ಉಂಡೇನು?"

"ಅವ್ವಾ, ಫೋನ್ ಎತ್ತಿ ಹಿಡಿ. ಮುಖ ತೋರ್ಸು."

"ನಿನ್ನ ಮುಖ ಯಾಕ ಹಂಗಾಗೈತಿ? ನಿದ್ದಿ ಮಾಡಿಲ್ಲೇನು?"

"ನಿನ್ನ ತೋರ್ಸವ್ವ. ಒಂದ್ಸಲ. ನಾ ನೋಡಬೇಕು."

ಫೋನು ಅಲುಗಿತು, ಫ್ಯಾನು ವಾರೆಯಾಯಿತು, ಗೋಡೆ ಕಂಡಿತು, ಒಂದು ಚೂರು ಸೆರಗು ಕಂಡಿತು. ಆಮೇಲೆ ಮತ್ತೆ ತೊಲೆ.

"ಅದರಾಗ ನಾ ಯಾಕವ್ವ?" ಎಂದಳು, ಬಹಳ ಮೆತ್ತಗೆ. "ನೀ ಕಾಣಾಕತ್ತೀಯಲ್ಲ, ಸಾಕು."